ಕಂಬಳಿಯ ಮೇಲೆ ಕೂಡದ ವಲಿ ಪಾಷಾ

ಮಾನ್ವಿಯಲ್ಲಿ ನಾನು ಟಪಾಲು ಹಂಚುತ್ತಿದ್ದ ಕಾಲಕ್ಕೆ ಪಿಂಜಾರ ಓಣಿಯ ಫಕೀರಮ್ಮನ ಮನೆಗೆ ಮೂರ್ನಾಲ್ಕು ತಿಂಗಳಿಗೊಂದು ಪಾಕಿಸ್ತಾನದ ಪತ್ರ ಬರುತ್ತಿತ್ತು. ಕೊಟ್ಟು ಬಂದರೆ ಮುಗಿಯುತ್ತಿರಲಿಲ್ಲ. ನಿಜಾಮನ ಕಾಲದಲ್ಲಿ ಉರ್ದು ಕಲಿತ ತಪ್ಪಿಗೆ ನಾನೇ ಅದನ್ನು ಓದಿ ಹೇಳಬೇಕು, ಉತ್ತರವನ್ನೂ ಬರೆಯಬೇಕು. ಅಷ್ಟು ಮಾಡಿದರೂ ಕೊಡುವ ಚಹಾ ಆರಿದ್ದೇ.

ಪತ್ರ ಅವಳ ಹಿರಿಮಗ ಮಹಮ್ಮದ್ ಹುಸೇನನದು. ನಲವತ್ತೆಂಟರ ಗದ್ದಲದಲ್ಲಿ ಹೆಂಡತಿ ಖಾಸಿಂಬಿಯನ್ನು ಕರೆದುಕೊಂಡು ಹೋದವನು ಸಿಂಧೂ ಹೊಳೆಯ ದಂಡೆಯ ಸಖ್ಖರಿನಲ್ಲಿ ನೆಲೆ ನಿಂತಿದ್ದ. ಅವನಿಗೆ ಓದುಬರಹ ಬಾರದು. ಅವನು ಹೇಳಿದ್ದನ್ನು ಖಾಸಿಂಬಿ ಬರೆಯುತ್ತಿದ್ದಳು. ನಾನು ಓದುವಾಗ ಫಕೀರಮ್ಮ ಕರಿ ಕಂಬಳಿ ಹಾಸಿ ಅದರ ಮೇಲೆಯೇ ಕೂಡಿಸುತ್ತಿದ್ದಳು. ಅರಕೇರಾದಿಂದ ಆ ಕಂಬಳಿ ತಂದುಕೊಟ್ಟವನು ನಾನು. ನಾವು ಕುರುಬರು, ಹಾಸಿದ ಕಂಬಳಿಯ ಮೇಲೆ ಕೂತು ಸುಳ್ಳಾಡುವುದಿಲ್ಲ ಎಂದು ಅವಳಿಗೆ ಹೇಳಿದವನೂ ನಾನೇ, ನನ್ನ ನಾಲಿಗೆಗೆ ಹುಳ ಬೀಳಲಿ.

ಎಂಬತ್ತನೆಯ ಇಸವಿಯ ಹೊತ್ತಿಗೆ ಅವಳ ಕಣ್ಣು ಪೂರಾ ಮಂಜಾದವು. ಕಿರಿಮಗ ವಲಿ ಪಾಷಾನಿಗೆ ಗಂಟುಬಿದ್ದಳು.

“ನಾ ಸಾಯೂದ್ರಾಗ ಹುಸೇನ ಹೆಂಗದಾನ ಅಂತ ತಿಳೀಬೇಕು. ಹೋಗಿ ಕಣ್ಣಾರೆ ನೋಡಿ ಬಾ.”

ವಲಿ ಪಾಷಾ ಅರಳೆ ಹಿಂಜಿ ಗಾದಿ ಹೊಲಿಯುವವನು. ಮಾತು ಕಡಿಮೆ. ಹಿಂಜುವ ಬಿಲ್ಲು ಹೊತ್ತು ಹೊತ್ತು ಎಡಭುಜ ಇಳಿಬಿದ್ದು, ಒಂದು ಮಗ್ಗುಲಿಗೆ ವಾಲಿ ನಡೆಯುತ್ತಿದ್ದ. ಅಣ್ಣನೂ ಅದೇ ಕಸುಬಿನವನು, ಅದೇ ಮುಖ, ಅದೇ ನಡಿಗೆ. ರಾಯಚೂರು ಸ್ಟೇಷನ್ ದಾಟದ ಈ ಮನುಷ್ಯ ಪಾಸ್‌ಪೋರ್ಟು, ವೀಸಾ ಎಂದು ವರ್ಷಗಟ್ಟಲೆ ಅಲೆದು, ದಿಲ್ಲಿ, ಲಾಹೋರು ಹಾದು ಸಖ್ಖರಿನಲ್ಲಿ ಇಳಿದ.

ಅಲ್ಲಿ ಆದದ್ದನ್ನು ಆಮೇಲೆ ನನಗೊಬ್ಬನಿಗೇ ಹೇಳಿದ.

ಹೊಳೆ ಕೃಷ್ಣೆಗಿಂತ ಅಗಲ. ನಡುಗಡ್ಡೆಯ ಮೇಲೆ ಹಳೆಯ ಕೋಟೆ. ಅದರ ಗೋಡೆ ಕಂಡು ರಾಯಚೂರಿನ ಕೋಟೆ ನೆನಪಾಗಿ ಇವನಿಗೆ ಜೀವ ಹಗುರಾಯಿತಂತೆ. ಪರದೇಶದಿಂದ ಬಂದವರು ಹೆಸರು ಬರೆಸಬೇಕೆಂದು ಪೊಲೀಸ್ ಚೌಕಿಗೆ ಹೋದ. ಮುನ್ಷಿ ತಲೆ ಎತ್ತಿದವನೇ ಬರೆಯುವುದನ್ನು ನಿಲ್ಲಿಸಿದ. ಪಾಸ್‌ಪೋರ್ಟಿನ ಹೆಸರನ್ನು ಮೂರು ಸಲ ಓದಿಕೊಂಡ. ಓಣಿಯಲ್ಲಿ ಒಬ್ಬ ಸಲಾಮು ಮಾಡಲು ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿದ. ಚಹಾದಂಗಡಿಯವನು ಇವನು ಕೇಳುವ ಮೊದಲೇ ಸಕ್ಕರೆ ಹಾಕದ ಚಹಾ ತಂದಿಟ್ಟ. ಇವನು ಚಾಚಿದ ದುಡ್ಡನ್ನು ಮುಟ್ಟಲಿಲ್ಲ. ಹೆಂಗಸರು ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡರು. ಇದೆಲ್ಲ ಹಾಡಹಗಲು, ಸುಡುವ ಬಿಸಿಲಿನಲ್ಲಿ.

“ನನ್ನ ಮೈಯೊಳಗ ಮತ್ಯಾರೋ ನಡದಂಗಾತು, ಬೂದೆಪ್ಪಣ್ಣ,” ಎಂದ.

ಖಾಸಿಂಬಿ ಬಾಗಿಲು ತೆರೆದಳು. ಚೀರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ತಲೆ ತಗ್ಗಿಸಿ, ಮೂವತ್ತೈದು ವರ್ಷದ ಹಿಂದೆ ಬಿಟ್ಟುಹೋದ ಮಾನ್ವಿಯ ಕನ್ನಡದಲ್ಲಿ ಹೇಳಿದಳು.

“ಸಿಟ್ಟಾಗಬ್ಯಾಡ್ರಿ. ನೀವು ತೀರಿಹೋದ್ರಿ ಅಂತ ನಿಮ್ಮ ಯವ್ವಗ ಹೆಂಗ ಬರೀಲಿ? ನಿಮ್ಮ ಹೆಸರಿಲೆ ನಾನಾ ಬರಿಯಾಕತ್ತೀನಿ.”

“ಅತ್ತಿಗೀ, ನಾ ವಲಿ.”

ಅವಳು ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಹುಸೇನ ಜ್ವರದಿಂದ ಸತ್ತು ನಾಲ್ಕು ವರ್ಷವಾಗಿತ್ತು. ಕೋಟೆ ಕಾಣುವ ದಂಡೆಯಲ್ಲಿ ಅವನ ಗೋರಿ. ಮಕ್ಕಳಿಲ್ಲ. “ಯವ್ವಗ ಹೇಳಬ್ಯಾಡಪಾ,” ಎಂದು ಅವಳು ಮೈದುನನ ಕೈ ಹಿಡಿದುಕೊಂಡಳು. “ಆಕಿ ಪತ್ರ ನಿಂತ್ರ ನನಗ ‘ಮಗಳಾ’ ಅನ್ನವರು ಯಾರೂ ಇಲ್ಲ.” ಇವನು ಮಾತು ಕೊಟ್ಟ.

ನಾಲ್ಕು ವರ್ಷ ಆ ಕಂಬಳಿಯ ಮೇಲೆ ಕೂತು ಸತ್ತವನ ಕ್ಷೇಮಸಮಾಚಾರ ಓದಿದ್ದೆನಲ್ಲ. ಹೆದರಿದೆ, ಸುಳ್ಳೇಕೆ ಹೇಳಲಿ.

ಆದರೆ ಅದನ್ನು ಅವನು ಹೇಳಿದ್ದು ಆಮೇಲೆ. ಅವನು ಊರಿಗೆ ಬಂದ ದಿನ ನಾನೂ ಅಲ್ಲಿದ್ದೆ, ನನಗಿನ್ನೂ ಏನೂ ಗೊತ್ತಿಲ್ಲ. ಫಕೀರಮ್ಮ ತಡವರಿಸುತ್ತ ಕಂಬಳಿ ಹಾಸಿದಳು. “ಕೂಡಪಾ. ಹುಸೇನ ಹೆಂಗದಾನ?”

ವಲಿ ಕಂಬಳಿ ಬಿಟ್ಟು ಬರಿ ನೆಲದ ಮೇಲೆ ಕೂತು ಹೇಳಿದ. “ಅರಾಮ ಅದಾನ, ಯವ್ವಾ.”

ಮುದುಕಿ ಮಗನ ಮೊಣಕಾಲು ಮುಟ್ಟಲೆಂದು ಕೈ ಚಾಚಿದಳು. ಕೈ ಕಂಬಳಿಯ ಮೇಲೆ ಈ ತುದಿಯಿಂದ ಆ ತುದಿಗೆ ಓಡಾಡಿತು. ಅಲ್ಲಿ ಯಾರೂ ಇರಲಿಲ್ಲ. ಅವಳು ಅಳಲಿಲ್ಲ. ಮೆಲ್ಲಗೆ ಕಂಬಳಿ ಮಡಚಿ ಬದಿಗಿಟ್ಟಳು.

“ಬೂದೆಪ್ಪ, ಕಾಗದ ತಗೋ. ಮಗಳಾ ಖಾಸಿಂಬಿ, ವಲಿ ಬಂದು ಮುಟ್ಟ್ಯಾನ. ನಾ ಅರಾಮದೀನಿ ಅಂತ ಹುಸೇನಗ ಹೇಳು. ಪತ್ರ ಬರಿಯೂದು ಬಿಡಬ್ಯಾಡ. ಹಿಂಗ ಬರಿ.”

ಆಮೇಲೆ ನಾನು ಪತ್ರ ಓದಿದ್ದೆಲ್ಲ ನೆಲದ ಮೇಲೆ ಕೂತು. ಅವಳು ಪ್ರತಿಸಲ ಕೇಳಿ, ತಲೆದೂಗಿ, ಉತ್ತರ ಬರೆಸುತ್ತಿದ್ದಳು.

ಎಂಬತ್ತಾರರ ಬೇಸಿಗೆಯಲ್ಲಿ ಫಕೀರಮ್ಮ ತೀರಿಕೊಂಡಳು. ಎರಡು ತಿಂಗಳಿಗೆ ಸಖ್ಖರಿನಿಂದ ಪತ್ರ ಬಂತು. “ಯವ್ವಾ, ನಾನು ಕ್ಷೇಮ. ನೀನು ಹೇಗಿದ್ದೀ?” ಎಂದಿತ್ತು. ವಲಿ ಪಾಷಾ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟ.

“ಹುಚ್ಚ ಅದಿಯೇನಲೇ? ಸತ್ತವರಿಗೆ ಸತ್ತವರ ಕಡಿಂದ ಬರೆಸ್ತಿಯೇನು?” ಎಂದು ಬೈದೆ.

ಅವನು ಹೋಗಿ ಬಾಗಿಲು ಮುಚ್ಚಿ ಬಂದು ಕೂತ. ಗೂಟದ ಮೇಲೆ ಕಂಬಳಿ ತೂಗುತ್ತಿತ್ತು. ನಾನು ಅದಕ್ಕೆ ಬೆನ್ನು ತಿರುಗಿಸಿ ಬರೆದೆ: “ಮಗನೇ ಹುಸೇನ, ನಾನು ಆರಾಮಾಗಿದ್ದೇನೆ.”