ದ್ವಾದಶಿಯ ಬೆಳಗಿನ ಪರೀಕ್ಷೆ

ನನಗೆ ಸಕ್ಕರೆ ಕಾಯಿಲೆ ಅಂಟಿದ ವರ್ಷವೇ ಮೊಬೈಲಿಗೆ ಒಂದು ಸಂದೇಶ ಬಂದಿತು: ಸಾವಯವ ಬೆಲ್ಲ ರಕ್ತದ ಸಕ್ಕರೆಯನ್ನು ಏರಿಸದೆಂದು ಸಂಶೋಧನೆಯಿಂದ ಸಿದ್ಧವಾಗಿದೆಯಂತೆ. ಯಾರ ಸಂಶೋಧನೆ, ಎಷ್ಟು ಜನರ ಮೇಲೆ, ಒಂದೂ ಇರಲಿಲ್ಲ. ಗುರುಗಳ ಪಾದಮೂಲದಲ್ಲಿ ತರ್ಕಶಾಸ್ತ್ರ ಓದಿದ ನಾನು ಅದನ್ನೇ ಮೊದಲು ಕೇಳಬೇಕಿತ್ತು. ಆದರೆ ದೇವರ ನೈವೇದ್ಯದ ಸಿಹಿ ಪೊಂಗಲನ್ನು ತಿಂಗಳುಗಟ್ಟಲೆ ಕಣ್ಣಿಗೊತ್ತಿಕೊಂಡು ಹಿಂದಿರುಗಿಸುತ್ತಿದ್ದವನಿಗೆ ಆ ಸಂದೇಶ ಭಗವಂತನ ಅಪ್ಪಣೆಯಂತೆಯೇ ಕಂಡಿತು.

ಆದರೂ ಪರೀಕ್ಷಿಸದೆ ಒಪ್ಪಬಾರದಷ್ಟೆ? ಹೀಗೆ ನಿಶ್ಚಯಿಸಿದೆ: ದಶಮಿಯ ಮಧ್ಯಾಹ್ನ ಸಾವಯವ ಬೆಲ್ಲದ ಪೊಂಗಲನ್ನು ಸ್ವೀಕರಿಸುವೆನು. ಮರುದಿನ ಏಕಾದಶಿಯ ನಿರಾಹಾರ. ದ್ವಾದಶಿಯ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ, ಪಾರಣೆಯ ಊಟಕ್ಕೆ ಮೊದಲು, ಬೆರಳು ಚುಚ್ಚಿ ಯಂತ್ರದಲ್ಲಿ ನೋಡುವೆನು. ದೇಹ ಮನಸ್ಸುಗಳೆರಡೂ ಶುದ್ಧವಾಗಿರುವ ಹೊತ್ತೆಂದೇ ಅದನ್ನು ಆರಿಸಿಕೊಂಡಿದ್ದೆ. ಒಂದು ಪಕ್ಷವೂ ತಪ್ಪದೆ ಪುಸ್ತಕದಲ್ಲಿ ಬರೆದಿಟ್ಟೆ. ಪ್ರತಿಸಲವೂ ಸಕ್ಕರೆ ಹದ್ದುಬಸ್ತಿನಲ್ಲಿತ್ತು.

ಮಂಡ್ಯದ ನಮ್ಮ ಬೀದಿಯಲ್ಲಿದ್ದುಕೊಂಡು ದುದ್ದದ ಬಳಿ ಆಲೆಮನೆಯಲ್ಲಿ ಸಾವಯವ ಬೆಲ್ಲ ತೆಗೆದು ನಮ್ಮ ಮನೆಗೂ ಕೊಡುವ ಗೌಡರಿಗೂ ಇದೇ ಕಾಯಿಲೆ. ಒಂದು ದ್ವಾದಶಿಯಂದು ಬಂದವರು ನನ್ನ ಪುಸ್ತಕವನ್ನು ತಿರುವಿ ಹಿಗ್ಗಿಹೋದರು.

"ಸ್ವಾಮೋರೇ, ನಮ್ಮನೆ ಬೆಲ್ಲ ಮುಟ್ಟೋಕೂ ನಂಗೆ ಮನೇವ್ರು ಬುಡ್ತಿರ್ಲಿಲ್ಲ ಕಣ್ರೀ. ನೀವೇ ಬರ್ದಿಟ್ಮೇಲೆ ಇನ್ನೇನು? ಇವತ್ತಿಂದ ಮಾತ್ರೆ ಬುಟ್ಬುಡ್ತೀನಿ!"

ನಾನೇ ಇನ್ನೂ ಮಾತ್ರೆಯನ್ನು ಬಿಟ್ಟಿರಲಿಲ್ಲ. ಪಾರಣೆಗೆ ಅಗಸೆಸೊಪ್ಪು ಬಿಡಿಸುತ್ತಿದ್ದ ನನ್ನ ಮಡದಿ ತಲೆಯೆತ್ತಿದಳು.

"ಅಲ್ಲಾರೀ, ನಿನ್ನೆಯೆಲ್ಲ ತೀರ್ಥ ಬಿಟ್ಟು ಏನೂ ಒಳಗೆ ಹೋಗಿಲ್ಲ. ಸಕ್ಕರೆ ಎಲ್ಲಿಂದ ಏರತ್ತೆ? ಹೀಗೆ ನೋಡಿದ್ರೆ ಜಾಮೂನು ತಿಂದ್ರೂ ಏರಲ್ಲ."

ಗೌಡರು ನನ್ನನ್ನೇ ದಿಟ್ಟಿಸಿದರು. "ಕರೆಂಟು ಓಗಿರೋ ವೊತ್ನಲ್ಲಿ ಪಂಪ್‌ಸೆಟ್ ತಂತಿ ಇಡ್ಕೊಂಡು, ಶಾಕ್ ಒಡೀನಿಲ್ಲ ಅಂದಂಗಾಯ್ತಲ್ಲ ಸ್ವಾಮಿ!"

ನಿಯಮವು ಎಲ್ಲಿ ಮುರಿಯಬಹುದೋ ಅಲ್ಲಿಯೇ ಹುಡುಕಬೇಕೆಂದು ಗುರುಗಳು ಕಲಿಸಿದ್ದರು. ನಾನು ಮುರಿಯಲು ಸಾಧ್ಯವೇ ಇಲ್ಲದ ಜಾಗವನ್ನು ಪಂಚಾಂಗ ನೋಡಿ ಆರಿಸಿದ್ದೆ.

ಅಂದು ಪಾರಣೆಯಲ್ಲಿ ಮಡದಿ ಪೊಂಗಲನ್ನೇ ಬಡಿಸಿದಳು. ಎರಡು ಗಂಟೆ ಕಳೆದ ಮೇಲೆ, ಗೌಡರ ಎದುರಿನಲ್ಲಿ ಬೆರಳು ಚುಚ್ಚಿಕೊಂಡೆ. ಅಂಕಿ ಕಂಡೊಡನೆ ಅವರು ಜೇಬಿನಿಂದ ಮಾತ್ರೆ ತೆಗೆದು ನೀರು ಕೇಳಿದರು. ನುಂಗಿದ ಮೇಲೆ ಮಾತ್ರ ಅವರಿಗೆ ರೋಷ ಬಂದಿತು.

"ಏರ್ಸಿದ್ದು ಅಕ್ಕೀನೂ ಇರ್ಬೋದಲ್ವಾ? ನಮ್ ಬೆಲ್ಲದ್ ಮೇಲ್ಯಾಕೆ ತಪ್ಪು ಒರುಸ್ತೀರಿ?"

ತರ್ಕ ಸರಿಯಾಗಿಯೇ ಇತ್ತು. ಮಡದಿಯೂ ಒಪ್ಪಿದಳು. "ಹಾಗಾದ್ರೆ ಒಂದು ತಿಂಗಳು ಬೆಲ್ಲವಿಲ್ಲದ ಪೊಂಗಲ್ ಮಾಡ್ತೀನಿ. ಇಬ್ಬರೂ ತಿಂದು, ಚುಚ್ಚಿಕೊಂಡು ನೋಡಿ."

ಗೌಡರೂ ನಾನೂ ಮುಖ ಮುಖ ನೋಡಿಕೊಂಡು, ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸಲು ಒಮ್ಮತಕ್ಕೆ ಬಂದೆವು.