ಎರೆಭೂಮಿಯ ದುಂಡಪ್ಪ ಕಾಕಾ

ದುಂಡಪ್ಪ ಕಾಕಾ ಮನೆಗೆ ಬಂದವರ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದ. ಚಪ್ಪಲಿಗೆ ಮೆತ್ತಿದ ಮಣ್ಣು ಕಂಡು, “ಬರ್ರಿ, ಮಸಾರಿ ಹೊಲದಿಂದ ಬಂದಂಗ ಕಾಣ್ತೈತಿ” ಎನ್ನುತ್ತಿದ್ದ. ಬಂದವರು ಹೌದೆಂದರೆ ಅವನಿಗೆ ಆವತ್ತಿನ ಊಟ ರುಚಿಸುತ್ತಿತ್ತು.

ಅವನು ನನ್ನ ಅಪ್ಪನ ತಮ್ಮ, ಚಿಕ್ಕೋಡಿಯಲ್ಲಿ ಸರಕಾರಿ ಮೋಜಣಿದಾರ. ಸರಪಳಿ ಹಿಡಿದ ಆಳುಗಳನ್ನು ಮುಂದೆ ಬಿಟ್ಟು, ಬಿಳಿ ಟೊಪ್ಪಿಗೆ ಹಾಕಿಕೊಂಡು ಅಥಣಿ, ರಾಯಬಾಗದ ಕಡೆಯೆಲ್ಲ ಹೊಲ ಅಳೆದು ಬಂದವನು. ಕಪ್ಪು ಮಣ್ಣು ಎರೆ, ಕೆಂಪು ಮಣ್ಣು ಮಸಾರಿ, ಕಲ್ಲು ತುಂಬಿದ ದಿಬ್ಬ ಮಡ್ಡಿ, ಬಿತ್ತಲು ಬಾರದ್ದು ಖರಾಬು. ನಾನೂ ಅವನ ಮಗಳು ಸುನಂದಕ್ಕನೂ ಇವನ್ನೆಲ್ಲ ಮಗ್ಗಿಯ ಜೊತೆಗೇ ಕಲಿತೆವು. ಮನುಷ್ಯರನ್ನೂ ಅವನು ಹಾಗೇ ವಿಂಗಡಿಸುತ್ತಿದ್ದ. ನನ್ನ ಅಪ್ಪ ಮಸಾರಿಯಂತೆ: “ಎಷ್ಟ ನೀರ ಹಾಕಿದ್ರೂ ಹಿಡಕೊಳ್ಳೂದಿಲ್ಲ.” ಕಾಕಿ ಮಾತ್ರ ಎರೆ. ಆಕೆ ಒಲೆಯ ಮುಂದಿನಿಂದಲೇ, “ಎರಿ ಬ್ಯಾಸಗ್ಯಾಗ ಬಿರೀತೈತಿ, ನೆನಪಿರ್ಲಿ” ಎನ್ನುತ್ತಿದ್ದಳು.

ಎಂಬತ್ತರ ದಶಕದ ನಡುವಿನಲ್ಲಿ ಸುನಂದಕ್ಕನಿಗೆ ಅಥಣಿಯ ಮೂಡಲ ಸೀಮೆಯಿಂದ ಒಂದು ಸಂಬಂಧ ಬಂತು. ಹುಡುಗ ಬಿ.ಎ. ಮುಗಿಸಿ ಒಕ್ಕಲುತನ ಮಾಡುತ್ತಿದ್ದ. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳಿ ಮುಗಿಸಿದ ಮೇಲೆ ಅವನು ಮೆಲ್ಲಗೆ, “ನಿಮಗೇನರ ನನ್ನ ಕೇಳೂದೈತೇನ್ರಿ?” ಎಂದ. ಸುನಂದಕ್ಕ ಏನೂ ಕೇಳಲಿಲ್ಲ. ಆದರೆ ಸಂಜೆ ಮಾಳಿಗೆಯ ಮೇಲೆ ನನ್ನೊಬ್ಬಳಿಗೇ ಆ ಮಾತನ್ನು ಮತ್ತೆ ಮತ್ತೆ ಹೇಳಿ ನಕ್ಕಳು.

ಕಾಕಾ ಅವರ ಹೊಲ ನೋಡಲು ಹೋದ. ಮರಳಿ ಬಂದವನು ಕಾಲು ತೊಳೆದುಕೊಳ್ಳುತ್ತಲೇ ತೀರ್ಪು ಕೊಟ್ಟ.

“ಮಡ್ಡಿ ಐತಿ. ಗೇಣ ಅಗದ್ರ ಗರಸು ಕಲ್ಲ. ಬ್ಯಾಡ.”

“ಹುಡುಗ ಚಲೋ ಅದಾನ. ಆಕಿ ಮನಸಿಗೂ ಬಂದಾನ” ಎಂದಳು ಕಾಕಿ.

“ಮನಶ್ಯಾ ಇವತ್ತ ಚಲೋ ಇರ್ತಾನ, ನಾಳೆ ಕೆಡ್ತಾನ. ಮಣ್ಣ ಕೆಡೂದಿಲ್ಲ.”

ಜೋಳ ಹಸನು ಮಾಡುತ್ತಿದ್ದ ಸುನಂದಕ್ಕನ ಕೈಯಲ್ಲಿ ಮೊರ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಕೇರತೊಡಗಿದಳು.

ಮುಂದಿನ ಬೇಸಗೆಯಲ್ಲಿ ಅವಳನ್ನು ಜುಗೂಳಕ್ಕೆ ಕೊಟ್ಟರು. ಕೃಷ್ಣಾ ದಂಡೆಯ ಕಬ್ಬಿನ ಹೊಲ. ಕಾಕಾ ತಾನೇ ಅಳೆದು, ಉತ್ತಮ ಎರೆ ಎಂದು ಬರೆದಿದ್ದ ಭೂಮಿ. ಅಳಿಯನೂ ಕೆಟ್ಟವನಲ್ಲ. ವರುಷ ವರುಷ ಅಲ್ಲಿಂದ ಬೆಲ್ಲ ಬರುತ್ತಿತ್ತು, ಕಾಕಾ ಓಣಿಗೆಲ್ಲ ಹಂಚುತ್ತಿದ್ದ.

ವರುಷಗಟ್ಟಲೆ ಹಗಲಿರುಳೂ ಪಂಪು ಓಡಿ, ಕಬ್ಬಿಗೆ ನೀರು ಹಾಯ್ದು ಹಾಯ್ದು, ನೆಲದೊಳಗಿನ ಉಪ್ಪು ಮೇಲೆದ್ದಿತು. ಕಬ್ಬು ಸೊಂಟದೆತ್ತರಕ್ಕೇ ಹಳದಿಯಾಗತೊಡಗಿತು. ಕೊನೆಗೆ ಅದೂ ಏಳಲಿಲ್ಲ. ಅಳಿಯ ನಿಪ್ಪಾಣಿಯ ತಂಬಾಕಿನ ವಖಾರಿಗೆ ದುಡಿಯಲು ಹೋದ. ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಬಂದರೆ ಸಿಡುಕುತ್ತಿದ್ದ. ಬರಬರುತ್ತ ಬರುವುದೇ ಕಡಿಮೆಯಾಯಿತು.

ಕಾಕಾ ಅಷ್ಟರಲ್ಲಿ ನಿವೃತ್ತನಾಗಿದ್ದ. ಸುದ್ದಿ ತಿಳಿದು ಜುಗೂಳಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಹೊಲದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಬೆರಳಿನಿಂದ ಉಪ್ಪುಗಟ್ಟಿದ ಬಿಳಿ ಸವಳನ್ನು ಕೆರೆದ.

“ನಾ ಸುಳ್ಳ ಬರದಿದ್ದಿಲ್ಲ ಯವ್ವಾ. ಆವಾಗ ಇದು ಖರೇನ ಎರಿ ಇತ್ತು” ಎಂದ.

“ಸುಳ್ಳ ಬರದಿ ಅಂತ ಯಾರ ಅಂದಾರಪ್ಪಾ?” ಎಂದಳು ಸುನಂದಕ್ಕ. “ಏಳು, ಚಾ ಆರತೈತಿ.”

ಆವತ್ತು ಅವನು ನನ್ನೊಂದಿಗೆ ಚಿಕ್ಕೋಡಿಗೆ ಮರಳಲಿಲ್ಲ. ಹೊಲದ ಸುತ್ತ ಆಳವಾದ ಕಾಲುವೆ ತೋಡಿ ಹಳ್ಳಕ್ಕೆ ಕೂಡಿಸಿದರೆ ಉಪ್ಪುನೀರು ಬಸಿದು ಹೋಗುತ್ತದೆ ಎಂದು ಸಲಿಕೆ ಹಿಡಿದ. ಜೀವಮಾನವೆಲ್ಲ ಬೆತ್ತದಿಂದ ತೋರಿಸಿಯೇ ಕೆಲಸ ಮಾಡಿಸಿದವನು. ಅಂಗೈಯಲ್ಲಿ ಬೊಬ್ಬೆ ಎದ್ದವು, ಬಟ್ಟೆ ಸುತ್ತಿಕೊಂಡು ಅಗೆದ. ಹಳ್ಳ ಮುಟ್ಟಲು ಪಕ್ಕದವರ ಹೊಲ ದಾಟಬೇಕಿತ್ತು. ಟೊಪ್ಪಿಗೆ ಕೈಯಲ್ಲಿ ಹಿಡಿದು ಅವರ ಅಂಗಳಕ್ಕೂ ಹೋಗಿ ನಿಂತನಂತೆ. “ಮಳಿ ಆಗ್ಲಿ, ನೋಡೂನು” ಎಂದು ಅವರು ಸಾಗಹಾಕಿದರು.

ಜೂನಿನ ಮಿರಗದ ಮಳೆಗೆ ಮುಂಚೆ ನಾನು ಅವನನ್ನು ಕಡೆಯ ಸಲ ಕಂಡೆ. ಎದೆಮಟ್ಟದ ತಗ್ಗಿನಲ್ಲಿ ನಿಂತಿದ್ದ, ಪಕ್ಕೆಲುಬು ಎಣಿಸುವಂತಿದ್ದವು.

“ಸಾಕ ಬಿಡ ಕಾಕಾ, ಈ ವಯಸ್ಸಿನ್ಯಾಗ…” ಎಂದೆ.

ಅವನು ಸಲಿಕೆಯನ್ನು ಮಣ್ಣಿಗೆ ಊರಿದ. ಸುನಂದಕ್ಕ ದೂರದಲ್ಲಿ ಬುತ್ತಿ ಬಿಚ್ಚುತ್ತಿದ್ದುದನ್ನು ನೋಡಿ ದನಿ ಇಳಿಸಿ ಕೇಳಿದ: “ತಂಗೀ, ಅಥಣಿ ಕಡಿ ಆ ಹುಡುಗ ಈಗ ಹ್ಯಾಂಗದಾನ? ನಿನಗೇನರ ಗೊತ್ತೈತೇನ?”

ನನಗೆ ಗೊತ್ತಿತ್ತು. ಅವನು ಚೆನ್ನಾಗಿದ್ದ, ಹೆಂಡತಿ, ಮಕ್ಕಳು, ಆ ಗರಸಿನಲ್ಲೇ ಎಬ್ಬಿಸಿದ ಒಂದು ದ್ರಾಕ್ಷಿ ತೋಟ.

“ಗೊತ್ತಿಲ್ಲ ಕಾಕಾ” ಎಂದೆ.

ಆ ಮಳೆಗಾಲದಲ್ಲೇ ಜ್ವರ ಬಂದು ಕಾಕಾ ತೀರಿಹೋದ. ಕಾಲುವೆ ಪಕ್ಕದವರ ಬದುವಿನ ತನಕ ಬಂದು ನಿಂತಿತ್ತು. ಒಳಗೆ ನೀರು ಮಡುಗಟ್ಟಿ, ಸುನಂದಕ್ಕನ ಆಡು ಒಂದು ಸಲ ಅದರೊಳಗೆ ಬಿದ್ದಿತು. ಇದನ್ನು ಮುಚ್ಚಿಸಿಬಿಡು ಎಂದು ಅಳಿಯ ಹೇಳಿ ಕಳಿಸಿದ, ಊರವರೂ ಹೇಳಿದರು. ನಾನೂ ಹೇಳಿದೆ.

“ಅಪ್ಪ ಅಷ್ಟ ತೋಡ್ಯಾನ” ಎಂದಳು ಸುನಂದಕ್ಕ. “ಮುಚ್ಚಾಕ ಮನಸ ಬರವಲ್ದು.”