ಕೊಟ್ಟಿಗೆಯ ಮೇಲೆ ಹಾದುಹೋದ ತಂತಿ

ಮೊನ್ನೆ ಹುಕ್ಕೇರಿಯಲ್ಲಿ ಮಗಳ ಮನೆಯ ಹಿತ್ತಲಲ್ಲಿ ಕಬ್ಬಿನ ಒಣ ಗರಿ, ರವದಿ, ಉರಿಸಿ ನೀರು ಕಾಯಿಸಿದ್ದರು. ಮೊದಲ ತಂಬಿಗೆ ಮೈಮೇಲೆ ಸುರಿದುಕೊಂಡಾಗ ನೀರಿಗೆ ಹತ್ತಿದ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ಬಾಜೂ ಹೊಲದ ಕಾಕಾ ಒಮ್ಮೆಲೇ ನೆನಪಾದರು...

ನಾನು ಮದುವೆಯಾಗಿ ಕಲ್ಲೋಳಿಯ ಕಡೆ ಬಂದದ್ದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ. ನಮ್ಮದು ಹೊಲದಲ್ಲೇ ಮನೆ. ಪಕ್ಕದ ಹೊಲದಲ್ಲಿ ಕಾಕಾ ಒಬ್ಬರೇ ಇದ್ದರು. ಅವರ ಹೆಂಡತಿ ಕಾಕೂ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕಾಕೂ ತವರಿನಿಂದ ತಂದಿದ್ದ ಎಮ್ಮೆಗೆ ಹುಟ್ಟಿದ ಎಮ್ಮೆಯೊಂದು ಉಳಿದಿತ್ತು. ಬೇರೆ ಮನೆಯಿಲ್ಲದ ಕಾಕಾ ಅದರ ಕೊಟ್ಟಿಗೆಯ ಮೂಲೆಯಲ್ಲೇ ಮಲಗುತ್ತಿದ್ದರು.

ಚಳಿಗಾಲದಲ್ಲಿ, ಎಮ್ಮೆ ನೀರು ಕುಡಿಯುವ ಕಲ್ಲುದೋಣಿಯಲ್ಲಿ ನಿಂತ ನೀರಿಗೆ ಕೈ ಅದ್ದಿದರೆ ಬೆರಳು ಮರಗಟ್ಟುತ್ತಿದ್ದವು. ಎಮ್ಮೆ ಮೂತಿ ತಾಗಿಸಿ ಹಿಂದೆ ಸರಿಯುತ್ತಿತ್ತು. ಆಗಷ್ಟೇ ಸೇದಿದ ಬಾವಿಯ ನೀರು ಮಾತ್ರ ಬೆಚ್ಚಗಿರುತ್ತಿತ್ತು. ಬಾವಿ ಇದ್ದದ್ದು ಹೊಲದ ಆ ತುದಿಗೆ. ನೀರು ಆರುವ ಮೊದಲೇ ಕುಡಿಸಬೇಕೆಂದು ಕಾಕಾ ಕೊಡ ಹೊತ್ತು ಓಡೋಡಿ ಬರುತ್ತಿದ್ದರು. ಭುಜಕ್ಕೆ ನೋವು ಹಿಡಿದ ಮೇಲೆ ಆ ಓಟ ನಿಂತಿತು.

ಆಗಲೇ ನಮ್ಮ ಕಡೆ ಕರೆಂಟಿನ ಕಂಬಗಳು ಬಂದವು. ಕಾಕಾನ ಕೊಟ್ಟಿಗೆಯ ಗೋಡೆಗೆ ತಾಗಿಯೇ ಒಂದು ಕಂಬ. ಜಾಗ ಕೇಳಿದಾಗ ಅವರು ಸಂತೋಷದಿಂದ ಒಪ್ಪಿದ್ದರು. ಬಾವಿಗೆ ಮೋಟರು ಕೂರಿಸಿದರೆ ಬೆಚ್ಚನೆಯ ನೀರು ನೇರ ದೋಣಿಗೇ ಬೀಳುತ್ತದೆ, ಎಮ್ಮೆ ಈಯುವ ಹೊತ್ತಿಗೆ ಮೂಲೆಯಲ್ಲಿ ಒಂದು ದೀಪ ಇರುತ್ತದೆ ಎಂದು ನನ್ನೆದುರು ಎಷ್ಟೋ ಸಲ ಹೇಳಿದ್ದರು. ನಮ್ಮ ಮನೆಗೆ ದೀಪ ಬಂತು. ಕೊಟ್ಟಿಗೆಗೆ ಬರಲಿಲ್ಲ. ಸದ್ಯಕ್ಕೆ ಮನೆಗಳಿಗಷ್ಟೇ, ಬಾವಿಗೂ ದನದ ಕೊಟ್ಟಿಗೆಗೂ ಕೊಡಲು ಅಪ್ಪಣೆ ಇಲ್ಲ ಎಂದು ಲೈನ್‌ಮನ್ ಬಂದಾಗಲೆಲ್ಲ ಹೇಳುತ್ತಿದ್ದ.

“ನಾನೂ ಅದರಾಗ ಮಲಗತೇನಿ. ಹಂಗಾರ ನಾ ಮನಶ್ಯಾ ಅಲ್ಲೇನ್ರಿ?” ಎಂದು ಕಾಕಾ ಒಮ್ಮೆ ಕೇಳಿದರು. ಲೈನ್‌ಮನ್ ಕೆಟ್ಟವನೇನಲ್ಲ. ತಲೆ ತಗ್ಗಿಸಿ ಸೈಕಲ್ ಹತ್ತಿದ.

ಎಮ್ಮೆ ಈದದ್ದು ಪುಷ್ಯ ಮಾಸದ ಥಂಡಿಯಲ್ಲಿ. ಹೆಣ್ಣುಕರು. ಕಾಕಾಗೆ ಜ್ವರ ಬಂದಿತ್ತು. ನಾನೂ ನಮ್ಮ ಮನೆಯವರೂ ನೀರು ಹೊತ್ತೆವು. ಮೂಡಗಾಳಿಗೆ ದಾರಿಯಲ್ಲೇ ಅದು ತಣ್ಣಗಾಗುತ್ತಿತ್ತು. ಹೊರಗೆ ರವದಿ ಉರಿಸಿ ಕಾಯಿಸಿ ಕೊಟ್ಟರೆ, ಹೊಗೆ ವಾಸನೆಗೆ ಎಮ್ಮೆ ಮುಖ ತಿರುಗಿಸಿತು. ನೀರಿಲ್ಲದೆ ಹಾಲು ಇಳಿಯಲಿಲ್ಲ. ಕರು ನಡುಗುತ್ತಿತ್ತು. ಒಳಗೆ ಬೆಂಕಿ ಮಾಡೋಣವೆಂದರೆ ಛಾವಣಿ ಪೂರ್ತಿ ಒಣ ರವದಿಯದು, ಒಂದು ಕಿಡಿ ಸಾಕಿತ್ತು. ಕಾಕೂ ಹೊಲಿದ ಕೌದಿಯನ್ನು ಕರುವಿಗೆ ಹೊದಿಸಿ, ಬೆನ್ನು ತಿಕ್ಕುತ್ತ ಕೂತೆವು. ಬೆಳಗಿನ ಹೊತ್ತಿಗೆ ನಡುಕ ನಿಂತಿತು. ಬೆಚ್ಚಗಾಯಿತು ಅಂದುಕೊಂಡೆವು...

ಕಾಕಾ ಅಳಲಿಲ್ಲ. ಜ್ವರದಲ್ಲೇ ಎದ್ದು ಹೊರಗೆ ಹೋಗಿ ಕಂಬಕ್ಕೆ ಕಿವಿ ಹಚ್ಚಿ ನಿಂತರು. ಒಳಗೆ ಕರೆದುಕೊಂಡು ಬರಲು ನಾನು ಹೋದೆ.

“ಕೇಳ ಯವ್ವಾ, ಗುಂಯ್ ಅನ್ನಾಕತ್ತೈತಿ” ಎಂದರು. “ಇಲ್ಲೇ ಐತಿ. ನಮಗಷ್ಟ ಇಲ್ಲ.”

ಅವರ ತೋಳು ಹಿಡಿದುಕೊಂಡು ನಿಂತೆ.

ಕರುವಿಲ್ಲದ ಎಮ್ಮೆ ಮೇವು ಬಿಟ್ಟು ಸೊರಗಿತು. ಅದರ ಒದರಾಟ ಕೇಳಲಾರದೆ ಕಾಕಾ ಅದನ್ನು ಹತ್ತರಗಿಯ ತಂಗಿಯ ಮನೆಗೆ ಬಿಟ್ಟುಬಂದರು. ಮುಂದಿನ ಮಳೆಗಾಲ ಮುಗಿದಾಗ ಲೈನ್‌ಮನ್ ತಾನಾಗಿಯೇ ಬಂದ. ಈಗ ಕೊಟ್ಟಿಗೆಗೂ ಕೊಡಬಹುದು ಎಂದ. ಖುಷಿಯ ಸುದ್ದಿ ತಂದವನ ಮುಖ ಅವನದು. ಕಾಕಾ ಅವನನ್ನು ಕೂರಿಸಿ ಚಹಾ ಕುಡಿಸಿದರು. ಆಮೇಲೆ ಅಲ್ಲೇ ನಿಂತಿದ್ದ ನಮ್ಮ ಕಡೆ ಕೈ ತೋರಿಸಿ ಅಂದರು:

“ಇವರ ಎಮ್ಮಿ ಗಬ್ಬ ಐತ್ರಿ. ಇವರ ಕೊಟ್ಟಿಗಿಗೆ ಕೊಡ್ರಿ.”

ಅವರ ಹೊಲದ ಕಂಬದಿಂದಲೇ ತಂತಿ ಎಳೆದು ನಮ್ಮ ಕೊಟ್ಟಿಗೆಗೆ ದೀಪ ಹಾಕಿದರು. ಮರುವರ್ಷ ನಮ್ಮ ಬಾವಿಗೆ ಮೋಟರೂ ಬಂತು. ದೀಪ ಬಂದ ಚಳಿಗಾಲವೇ ನಮ್ಮ ಎಮ್ಮೆ ಈದಾಗ ಗಿಣ್ಣು ತೆಗೆದುಕೊಂಡು ಹೋಗಿ, ಕರು ನೋಡಲು ಬನ್ನಿ ಎಂದು ಕಾಕಾನನ್ನು ಕರೆದೆ. ನಾಳೆ ಬರುತ್ತೇನೆ ಎಂದರು.

ಕಾಕಾ ಹೋಗಿ ಈಗ ಬಹಳ ವರ್ಷಗಳಾದವು. ಅವರ ಹೊಲದಲ್ಲಿ ಬೇರೆಯವರು ಕಬ್ಬು ಹಚ್ಚಿದ್ದಾರೆ, ಕೊಟ್ಟಿಗೆಯ ಗುರುತೂ ಇಲ್ಲ. ನಮ್ಮ ಕೊಟ್ಟಿಗೆಯಲ್ಲಿ ಆ ದೀಪದ ಕೆಳಗೆ ಎಷ್ಟೋ ಕರುಗಳು ಹುಟ್ಟಿ, ನಿಂತು, ಹಾಲು ಕುಡಿದವು. ಅವುಗಳಲ್ಲಿ ಒಂದನ್ನೂ ನೋಡಲು ಅವರು ಬರಲಿಲ್ಲ.